ಯಾರ ಮಾತು, ಯಾವ ಪುಟ?

ಮಹಾಪ್ರಬಂಧ ಸಲ್ಲಿಸುವ ಹೊತ್ತು ಹತ್ತಿರವಾದಂತೆ ಸಂಶೋಧನಾ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ‘ಪರ್ಸೆಂಟೇಜ್ ಎಷ್ಟು ಬಂತು?’ ಎಂಟು ಅಂದರೆ ನೆಮ್ಮದಿ, ಹದಿನೆಂಟು ಅಂದರೆ ಆತಂಕ. ಪ್ರಬಂಧ ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆ ಎಂದು ಗ್ರಂಥಾಲಯದ ಕಂಪ್ಯೂಟರ್ ಕೊಡುವ ಈ ಅಂಕಿಯನ್ನು ಇಳಿಸುವುದಕ್ಕೆ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ದಾಟಿ ಬಂದ ಉಪಾಯಗಳಿವೆ. ಕ್ರಿಯಾಪದ ಬದಲಿಸು, ಉದ್ದ ವಾಕ್ಯವನ್ನು ಎರಡು ತುಂಡು ಮಾಡು, ‘ರಾಜ’ ಇದ್ದಲ್ಲಿ ‘ಅರಸ’ ಹಾಕು. ಇವನ್ನು ಕಲಿಯಲು ಹೋಗುವ ಸಮಯದಲ್ಲಿ ಆಕರ ನಮೂದಿಸುವ ಕ್ರಮವನ್ನೇ ಚೆನ್ನಾಗಿ ಕಲಿತುಬಿಡಬಹುದು. ಆದರೆ ಅದನ್ನು ಕೂತು ಕಲಿಸುವವರು ಕಡಿಮೆ. ನಮ್ಮ ಕಾಲೇಜುಗಳಲ್ಲಿ ಕೃತಿಚೌರ್ಯ ಎನ್ನುವುದು ಯಂತ್ರ ಹಿಡಿಯುವ ತಪ್ಪಾಗಿ ಉಳಿದಿದೆ. ಓದುವ, ಬರೆದುಕೊಳ್ಳುವ ಕಸುಬಿನ ಪ್ರಶ್ನೆಯಾಗಿ ಅದು ತರಗತಿಯೊಳಗೆ ಬಂದೇ ಇಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಜುಲೈನಲ್ಲಿ ಈ ಬಗ್ಗೆ ನಿಯಮಾವಳಿ ಹೊರಡಿಸಿತು. ಬೇರೆಡೆಯ ಬರಹದೊಂದಿಗೆ ಸಾಮ್ಯ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಅಲ್ಲಿಂದ ಶೇ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. ಶೇ 40ರಿಂದ 60ರ ನಡುವೆ ಇದ್ದರೆ ಒಂದು ವರ್ಷ ಪರಿಷ್ಕೃತ ಪ್ರತಿ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಇಷ್ಟು ಎಲ್ಲರ ಬಾಯಲ್ಲೂ ಇದೆ. ಅದೇ ನಿಯಮಾವಳಿಯ ಇನ್ನೊಂದು ಭಾಗವನ್ನು ಓದಿದವರು ಕಡಿಮೆ. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ, ಎಲ್ಲರೂ ಬಳಸುವ ಪರಿಭಾಷೆ, ಸಮೀಕರಣ ಇವು ಯಾವುವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಎಂದರೆ ಯಾರ ಮಾತು ಎಂದು ಹೇಳಿ ಬಳಸಿದವನಿಗೆ ಒಂದು ಶೇಕಡವೂ ಏರಬೇಕಾಗಿಲ್ಲ. ಆದರೂ ಅಂಕಿ ಏರೀತೆಂಬ ಭಯಕ್ಕೆ ಉದ್ಧರಣ ಚಿಹ್ನೆ ತೆಗೆದು, ಮಾತು ತಿರುಚಿ, ಲೇಖಕರ ಹೆಸರನ್ನೂ ಕೈಬಿಡುವ ವಿದ್ಯಾರ್ಥಿಗಳಿದ್ದಾರೆ. ಪ್ರಾಮಾಣಿಕವಾಗಿದ್ದ ಒಂದು ಪುಟ ಕದ್ದ ಪುಟವಾಗುವುದು ಹೀಗೆ.

ಆಕಸ್ಮಿಕವಾಗಿ ಹೊಂದಿಬಿದ್ದ, ಎಲ್ಲರಿಗೂ ತಿಳಿದ ಮಾತುಗಳಿಗೆ ಸತತ 14 ಪದಗಳವರೆಗೆ ವಿನಾಯಿತಿಯನ್ನೂ ಈ ನಿಯಮ ಕೊಟ್ಟಿದೆ. ಇಂಗ್ಲಿಷಿನಲ್ಲಿ 14 ಪದ ಎಂದರೆ ಅರ್ಧ ವಾಕ್ಯವೂ ಆಗದಿರಬಹುದು. ವಿಭಕ್ತಿ, ಕಾಲ, ಅವ್ಯಯ ಎಲ್ಲವೂ ಪದದೊಳಗೇ ಸೇರಿಕೊಳ್ಳುವ ಕನ್ನಡದಲ್ಲಿ ಅಷ್ಟರಲ್ಲಿ ಒಬ್ಬ ವಿದ್ವಾಂಸರ ವಾದವೊಂದನ್ನು ಪೂರ್ತಿ ಹೇಳಿ ಮುಗಿಸಬಹುದು.

ಇನ್ನು ಯಂತ್ರದ ಕಣ್ಣು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ‘ಶೋಧಗಂಗಾ’ದಲ್ಲಿ ದೇಶದ ಮಹಾಪ್ರಬಂಧಗಳನ್ನು ಕೂಡಿಡುತ್ತದೆ. 2019ರಿಂದ ‘ಶೋಧಶುದ್ಧಿ’ ಎಂಬ ಹೆಸರಿನಲ್ಲಿ ಸಾಮ್ಯ ಪತ್ತೆಯ ತಂತ್ರಾಂಶವನ್ನೂ ವಿಶ್ವವಿದ್ಯಾಲಯಗಳಿಗೆ ಒದಗಿಸುತ್ತಿದೆ. ಇಂಗ್ಲಿಷ್ ಪ್ರಬಂಧಗಳ ಮಟ್ಟಿಗೆ ಇದು ದೊಡ್ಡ ಉಪಕಾರ. ಕನ್ನಡದ ಕಥೆ ಬೇರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಪ್ರಬಂಧ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ರೋಮನ್ ಅಕ್ಷರಗಳ ಗೊಂದಲ. ಯೂನಿಕೋಡಿಗೆ ಬದಲಾಯಿಸದೆ ತಪಾಸಣೆಗೆ ಕೊಟ್ಟರೆ ಹೋಲಿಸಿ ನೋಡುವುದಕ್ಕೆ ಅಲ್ಲಿ ಕನ್ನಡವೇ ಇರುವುದಿಲ್ಲ. ಯೂನಿಕೋಡಿನಲ್ಲೇ ಇದ್ದರೂ ಹೋಲಿಸುವುದು ಯಾವುದರೊಂದಿಗೆ? ನಮ್ಮ ವಿಮರ್ಶೆ, ಇತಿಹಾಸ, ಜಾನಪದದ ಬಹುಪಾಲು ಪುಸ್ತಕಗಳು ಇನ್ನೂ ಕಪಾಟಿನಲ್ಲೇ ಇವೆ. ಅವು ಪಠ್ಯವಾಗಿ ಅಂತರ್ಜಾಲಕ್ಕೆ ಬಂದಿಲ್ಲ. ಇಂಗ್ಲಿಷ್ ಪುಸ್ತಕದ ಅಧ್ಯಾಯವೊಂದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರಂತೂ ಈ ಬಗೆಯ ತಪಾಸಣೆ ಅದನ್ನು ಗುರುತಿಸುವುದು ಬಲು ಕಷ್ಟ. ಕೊಡಗಿನ ಹಬ್ಬಗಳ ಬಗ್ಗೆ ಬರೆಯುವ ವಿದ್ಯಾರ್ಥಿ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಕೊಡವರನ್ನು ಕುರಿತ ಪುಸ್ತಕದಲ್ಲಿ ಮಂಡಿಸಿದ ಸಂಸ್ಕೃತೀಕರಣದ ವಿಚಾರವನ್ನು ತನ್ನದೇ ಕನ್ನಡದಲ್ಲಿ, ಅವರ ಹೆಸರಿಲ್ಲದೆ, ತನ್ನ ಶೋಧವೆಂಬಂತೆ ಬರೆದರೆ ಪರ್ಸೆಂಟೇಜ್ ಸೊನ್ನೆ ಬಂದೀತು. ವಾಕ್ಯಗಳೆಲ್ಲ ಅವನವೇ ಆಗಿರಬಹುದು. ಆದರೆ ವಿಚಾರ ಶ್ರೀನಿವಾಸ್ ಅವರದು. ಕನ್ನಡದಲ್ಲಿ ಬರೆಯುವವರಿಗೆ ಯಂತ್ರದ ಕಾವಲು ತೆಳುವಾಗಿರುವುದರಿಂದಲೇ ಇಲ್ಲಿ ತರಬೇತಿಯ ಹೊಣೆ ಹೆಚ್ಚು.

ಪದ ಬದಲಿಸಿ ಬಚ್ಚಿಡುವ ಉಪಾಯವೇನೂ ಹೊಸದಲ್ಲ. ಏಳನೆಯ ಶತಮಾನದ ಬಾಣಭಟ್ಟ ಹರ್ಷಚರಿತದ ಆರಂಭದಲ್ಲೇ ಇಂಥ ಕವಿಯನ್ನು ಕಳ್ಳನೆಂದು ಕರೆದಿದ್ದಾನೆ. ಅಕ್ಷರಗಳನ್ನು ಅದಲುಬದಲು ಮಾಡಿ, ರಚನೆಯ ಗುರುತು ಮರೆಸಿದರೂ ಬಲ್ಲವರ ನಡುವೆ ಅವನು ಸಿಕ್ಕಿಬೀಳುತ್ತಾನೆ ಎಂಬುದು ಅಲ್ಲಿನ ಮಾತಿನ ತಾತ್ಪರ್ಯ. ಹತ್ತನೆಯ ಶತಮಾನದ ಹೊತ್ತಿಗೆ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಪದದ ಹರಣ, ಅರ್ಥದ ಹರಣ ಎಂದು ವಿಂಗಡಿಸಿ ಅಧ್ಯಾಯಗಳನ್ನೇ ಬರೆದ. ಯಾವ ಎರವಲು ಸಹ್ಯ, ಯಾವುದು ಅಲ್ಲ ಎಂಬ ಚರ್ಚೆ ನಮ್ಮ ಕಾವ್ಯಶಾಸ್ತ್ರದಲ್ಲಿ ಅಷ್ಟು ಹಳೆಯದು.

ಮೂಲ ಹೇಳಿದ್ದರಿಂದ ಕನ್ನಡಕ್ಕೆ ಆದ ಲಾಭವನ್ನೂ ಇಲ್ಲೇ ನೆನೆಯಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನವರನ್ನು ಹೆಸರಿಸುತ್ತದೆ. ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರು ಗದ್ಯದವರು. ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರು ಪದ್ಯದವರು. ಇವರ ಕನ್ನಡ ಕಾವ್ಯಗಳು ನಮ್ಮ ಕೈಗೆ ಸಿಕ್ಕಿಲ್ಲ. ಕವಿರಾಜಮಾರ್ಗಕ್ಕೂ ಮುಂಚೆ ಕನ್ನಡದಲ್ಲಿ ಇಷ್ಟು ಜನ ಬರೆಯುತ್ತಿದ್ದರು ಎಂದು ನಾವು ಇವತ್ತು ಧೈರ್ಯವಾಗಿ ಹೇಳುವುದು ಆ ಹೆಸರುಗಳ ಬಲದಿಂದ. ಅಸಗನದೂ ಹೀಗೆಯೇ. ಅವನ ಸಂಸ್ಕೃತ ವರ್ಧಮಾನಚರಿತ ಉಳಿದಿದೆ, ಕನ್ನಡದ್ದು ಉಳಿದಿಲ್ಲ. ಆದರೂ ಅವನು ಕನ್ನಡದ ದೊಡ್ಡ ಕವಿಯಾಗಿದ್ದ ಎಂದು ನಮಗೆ ಗೊತ್ತು. ಪೊನ್ನ ತನ್ನನ್ನು ಅವನಿಗಿಂತ ನೂರು ಮಡಿ ಮೇಲೆಂದು ಹೊಗಳಿಕೊಳ್ಳುವಾಗ ಅವನ ಹೆಸರೆತ್ತಿದ್ದಾನೆ. ಜಯಕೀರ್ತಿ ತನ್ನ ಛಂದಸ್ಸಿನ ಗ್ರಂಥದಲ್ಲಿ ಅವನ ಕನ್ನಡ ಕುಮಾರಸಂಭವವನ್ನು ಉಲ್ಲೇಖಿಸಿದ್ದಾನೆ. ಆರ್. ನರಸಿಂಹಾಚಾರ್ಯರು ಕವಿಚರಿತೆ ಬರೆಯಲು ಕೂತಾಗ ಎಷ್ಟೋ ಕವಿಗಳ ಕಾಲವನ್ನು ಗೊತ್ತುಮಾಡಲು ನೆರವಾದದ್ದು ಪೂರ್ವಕವಿ ಸ್ತುತಿ. ಒಬ್ಬ ಕವಿ ಇನ್ನೊಬ್ಬನ ಹೆಸರು ಹೇಳಿದ್ದರೆ, ಹೇಳಿಸಿಕೊಂಡವನು ಹಿಂದಿನವನು ಅಥವಾ ಸಮಕಾಲೀನ ಎಂಬಷ್ಟಾದರೂ ನಿಶ್ಚಯ.

ಹೆಸರು ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ, ಅದೂ ಒಂದೇ ಮನೆಯೊಳಗೆ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ಹಿಂದಿನ ಕಾವ್ಯಗಳಿಂದ ಸೊಗಸಾದ ಪದ್ಯಗಳನ್ನು ಆಯ್ದು, ವರ್ಣನೆಗಳಿಗೆ ತಕ್ಕಂತೆ ಜೋಡಿಸಿ ಸೂಕ್ತಿಸುಧಾರ್ಣವ ಎಂಬ ಸಂಕಲನ ಮಾಡಿದ. ಉಪಕಾರ ದೊಡ್ಡದು. ಆದರೆ ಇಂಥ ಪದ್ಯ ಇಂಥವರದು ಎಂದು ಆತ ಬರೆದಿಡಲಿಲ್ಲ. ನಷ್ಟವಾದ ಕಾವ್ಯಗಳ ಪದ್ಯಗಳೂ ಅಲ್ಲಿವೆ. ಅವು ಯಾರವು ಎಂದು ಪತ್ತೆಹಚ್ಚುವುದಕ್ಕೆ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಬಹಳ ಶ್ರಮಪಟ್ಟರು, ಎಲ್ಲವೂ ಇತ್ಯರ್ಥವಾಗಲಿಲ್ಲ. ಅವನ ಮಗ ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲೇ ತಾನು ಯಾವ ಯಾವ ಕವಿಗಳ ಪ್ರಯೋಗವನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ ಎಂದು ಪಟ್ಟಿ ಕೊಟ್ಟ. ಗಜಗ, ಗುಣನಂದಿ, ಮನಸಿಜರಂಥ ಹೆಸರುಗಳು ಆ ಪಟ್ಟಿಯಲ್ಲಿವೆ. ಬಿ.ಎ. ತರಗತಿಯಲ್ಲಿ ಈ ತಂದೆ ಮಗನ ಪ್ರಸಂಗವನ್ನು ಹೇಳಿದರೆ ಅಡಿಟಿಪ್ಪಣಿ ಯಾಕೆ ಬೇಕು ಎಂಬ ಪ್ರಶ್ನೆಗೆ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ಈಗ ಬರವಣಿಗೆಯ ಮೇಜಿಗೇ ಬರೋಣ. ವಿದ್ಯಾರ್ಥಿನಿಯೊಬ್ಬಳು ಹಳೆಯ ಮೈಸೂರು ಸೀಮೆಯ ಕೆರೆಗಳ ಮೇಲೆ ಸಂಪ್ರಬಂಧ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಅವಳ ಮುಂದಿರುವ ಪುಸ್ತಕದ 47ನೆಯ ಪುಟದಲ್ಲಿ ಹೀಗೊಂದು ವಾಕ್ಯ ಇದೆ ಎಂದು ಕಲ್ಪಿಸಿಕೊಳ್ಳೋಣ: ‘ಕೆರೆ ಕಟ್ಟಿಸುವುದು ಪುಣ್ಯದ ಕೆಲಸವಾದರೆ ಅದನ್ನು ಉಳಿಸಿಕೊಳ್ಳುವುದು ಊರಿನ ವ್ಯವಹಾರವಾಗಿತ್ತು, ಬಿತ್ತುವಟ್ಟ, ಕೆರೆಗೊಡಗೆ ಎಂಬ ಹೆಸರಿನಲ್ಲಿ ಭೂಮಿ ಮೀಸಲಿಟ್ಟದ್ದು ಅದಕ್ಕಾಗಿಯೇ.’ ಅವಳ ಮೊದಲ ಕರಡಿನಲ್ಲಿ ಅದು ಹೀಗಾಗುತ್ತದೆ: ‘ಕೆರೆ ನಿರ್ಮಿಸುವುದು ಧರ್ಮಕಾರ್ಯವಾದರೆ ಅದನ್ನು ಕಾಪಾಡುವುದು ಗ್ರಾಮದ ವ್ಯವಹಾರವಾಗಿತ್ತು; ಇದಕ್ಕಾಗಿ ಬಿತ್ತುವಟ್ಟ, ಕೆರೆಗೊಡಗೆ ಎಂದು ಜಮೀನು ಬಿಡಲಾಗುತ್ತಿತ್ತು.’ ಹಲವು ಪದಗಳು ಬದಲಾಗಿವೆ. ಆದರೆ ಪುಣ್ಯವನ್ನೂ ವ್ಯವಹಾರವನ್ನೂ ಎದುರುಬದುರು ನಿಲ್ಲಿಸಿ ನೋಡಿದ ಆ ಕಣ್ಣು ಪುಸ್ತಕದ ಲೇಖಕರದು. ವಾಕ್ಯ ಸಾಗುವ ದಾರಿಯೂ ಅವರದೇ. ನಮ್ಮ ಪ್ರಬಂಧಗಳಲ್ಲಿ ಅತಿ ಹೆಚ್ಚು ಕಾಣುವ ಕೃತಿಚೌರ್ಯ ಈ ಬಗೆಯದು. ಮಾಡುವವರಲ್ಲಿ ಎಷ್ಟೋ ಜನ ಇದು ತಪ್ಪೆಂದು ತಿಳಿಯದೆಯೇ ಮಾಡುತ್ತಾರೆ. ‘ಸ್ವಂತ ವಾಕ್ಯದಲ್ಲಿ ಬರೆಯಿರಿ’ ಎಂದು ಪ್ರಾಥಮಿಕ ಶಾಲೆಯಿಂದ ಹೇಳಿಸಿಕೊಂಡು ಬಂದವರು ಅದನ್ನೇ ಮಾಡಿದ್ದಾರೆ.

ಸರಿಯಾದ ದಾರಿ ಎರಡು ಇವೆ. ವಾಕ್ಯ ಅಷ್ಟು ಚೆನ್ನಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ ಅಕ್ಷರ ಬದಲಿಸದೆ ಇಟ್ಟು, ಲೇಖಕರ ಹೆಸರು, ಪ್ರಕಟವಾದ ವರ್ಷ, ಪುಟ 47 ಎಂದು ಬರೆಯುವುದು ಒಂದು. ಇನ್ನೊಂದು, ಪುಸ್ತಕ ಮುಚ್ಚಿಟ್ಟು, ಓದಿದ್ದರಲ್ಲಿ ತನಗೆ ಬೇಕಾದ್ದೇನು ಎಂದು ಯೋಚಿಸಿ ಬರೆಯುವುದು: ‘ಕೆರೆಯ ಪಾಲನೆಗೆ ಭೂಮಿ ಬಿಡುತ್ತಿದ್ದುದನ್ನು ಇಂಥ ಲೇಖಕರು ಊರಿನ ಆರ್ಥಿಕ ಏರ್ಪಾಡು ಎಂದು ನೋಡುತ್ತಾರೆ. ನಾನು ಓದಿದ ಶಾಸನಗಳಲ್ಲಿ ಈ ಭೂಮಿ ಯಾರ ಕೈಗೆ ಹೋಯಿತು ಎಂಬುದನ್ನು ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ.’ ಇಲ್ಲಿ ಲೇಖಕರ ಮಾತು ಎಲ್ಲಿ ಮುಗಿಯಿತು, ವಿದ್ಯಾರ್ಥಿನಿಯ ಮಾತು ಎಲ್ಲಿಂದ ಶುರುವಾಯಿತು ಎಂಬ ಗಡಿ ಓದುಗರಿಗೆ ಕಾಣುತ್ತದೆ. ಹೆಸರು ಹೇಳಿದ್ದರಿಂದ ಅವಳ ಮಾತಿನ ತೂಕ ಕಡಿಮೆಯಾಗಲಿಲ್ಲ. ಅವಳು ಹೊಸದಾಗಿ ಏನು ಸೇರಿಸಿದಳು ಎಂಬುದು ಎದ್ದು ಕಂಡಿತು. ಮೂಲ ಮುಚ್ಚಿಟ್ಟರೆ ತನ್ನ ಸ್ವಂತದ್ದು ಯಾವುದು ಎಂದು ತೋರಿಸುವ ಅವಕಾಶವನ್ನೂ ಬರೆಯುವವರು ಕಳೆದುಕೊಳ್ಳುತ್ತಾರೆ.

ಎಲ್ಲದಕ್ಕೂ ಅಡಿಟಿಪ್ಪಣಿ ಬೇಕೆ? ಬೇಡ. ಪಂಪ ಅರಿಕೇಸರಿಯ ಆಸ್ಥಾನದಲ್ಲಿದ್ದ ಎನ್ನಲು ಯಾರ ಆಧಾರವನ್ನೂ ಕೊಡಬೇಕಾಗಿಲ್ಲ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನಲ್ಲ, ಶ್ರೀವಿಜಯ ಎಂದರೆ ಅದು ವಾದ. ಯಾರು ಯಾವ ಕಾರಣಕ್ಕೆ ಹಾಗೆ ಹೇಳಿದರು ಎಂದು ಬರೆಯಲೇಬೇಕು. ಹಾಗೆಯೇ ಕೃತಿಸ್ವಾಮ್ಯದ ಕಾನೂನನ್ನು ಇದರೊಂದಿಗೆ ಬೆರೆಸಬಾರದು. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಹಕ್ಕು ಮುಗಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಬರಹವನ್ನು ಇವತ್ತು ಯಾರು ಬೇಕಾದರೂ ಅಚ್ಚು ಹಾಕಬಹುದು. ಅವರ ವಿಚಾರವನ್ನು ತನ್ನದೆಂದು ಬರೆಯುವ ಹಕ್ಕು ಮಾತ್ರ ಯಾರಿಗೂ ಯಾವತ್ತೂ ಬರುವುದಿಲ್ಲ.

ಕನ್ನಡದ ಆಕರಗಳಿಗೆ ತಮ್ಮದೇ ತೊಡಕುಗಳಿವೆ. ಹೊರದೇಶದ ಶೈಲಿ ಕೈಪಿಡಿಗಳು ಇವನ್ನು ಹೇಳಿಕೊಡಲಾರವು. ಶಾಸನಗಳನ್ನೇ ತೆಗೆದುಕೊಳ್ಳಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಆವೃತ್ತಿಯಲ್ಲಿ ಬೇಲೂರಿನ ಶಾಸನಗಳು ಹಾಸನ ಜಿಲ್ಲೆಯ ಐದನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಅವು ಒಂಬತ್ತನೆಯ ಸಂಪುಟಕ್ಕೆ ಹೋಗಿವೆ. ಹಳೆಯ ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು. ಹೊಸ ಆವೃತ್ತಿಯಲ್ಲಿ ಶಾಸನದ ಸಂಖ್ಯೆಗಳೂ ಬದಲಾದವು. ಯಾವ ಆವೃತ್ತಿ ಎಂದು ಹೇಳದೆ ಬರೀ ಸಂಪುಟ ಮತ್ತು ಸಂಖ್ಯೆ ಬರೆದ ಅಡಿಟಿಪ್ಪಣಿಯನ್ನು ಹಿಡಿದು ಹೊರಟ ಓದುಗ ಬೇರೆ ಯಾವುದೋ ಊರಿನ ಶಾಸನದ ಮುಂದೆ ನಿಲ್ಲುತ್ತಾನೆ. ಪಂಪಭಾರತಕ್ಕೆ ಪುಟಸಂಖ್ಯೆಗಿಂತ ಆಶ್ವಾಸ ಮತ್ತು ಪದ್ಯದ ಸಂಖ್ಯೆ ಕೊಡುವುದು ಮೇಲು, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಯಾವ ಮುದ್ರಣ ಕೈಯಲ್ಲಿದ್ದರೂ ಓದುಗ ಅಲ್ಲಿಗೆ ತಲುಪಬಹುದು. ವಚನವಾದರೆ 1993ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಭಾಗಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟದ ಸಂಪುಟ ಮತ್ತು ವಚನ ಸಂಖ್ಯೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಚನವನ್ನು ಅಲ್ಲಿ ಹುಡುಕಿ ಸಿಗದಿದ್ದರೆ ಅದನ್ನು ಪ್ರಬಂಧಕ್ಕೆ ಸೇರಿಸಬಾರದು. ಕೂಡಲಸಂಗಮದೇವ ಎಂಬ ಅಂಕಿತ ಕೊನೆಗಿದ್ದ ಮಾತ್ರಕ್ಕೆ ಅದು ಬಸವಣ್ಣನವರದಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಎರಡನೆಯ ಕೈಯ ಉಲ್ಲೇಖ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂತು. ಪುಟಪುಟದಲ್ಲೂ ಶಾಸನಗಳ ಉಲ್ಲೇಖ ಇರುವ ಆ ಪುಸ್ತಕಕ್ಕಾಗಿ ಅವರು ಶಾಸನ ಸಂಪುಟಗಳನ್ನು ತಾವೇ ಓದಿ ಸೋಸಿದರು. ಅವರ ಪುಟವನ್ನು ಓದಿ, ಅಲ್ಲಿನ ಅಡಿಟಿಪ್ಪಣಿಯನ್ನು ಎತ್ತಿಕೊಂಡು, ಶಾಸನವನ್ನು ತಾನೇ ನೋಡಿದಂತೆ ನಮೂದಿಸುವುದು ರೂಢಿಯಾಗಿಬಿಟ್ಟಿದೆ. ಸಾಮ್ಯ ತಪಾಸಣೆಯಲ್ಲಿ ಇದು ಯಾವತ್ತೂ ಸಿಗುವುದಿಲ್ಲ. ಆದರೆ ಕದ್ದದ್ದು ಒಬ್ಬ ವಿದ್ವಾಂಸರ ವರ್ಷಗಟ್ಟಲೆಯ ದುಡಿಮೆಯನ್ನು. ಮೂಲ ಪುಸ್ತಕದಲ್ಲಿ ಒಂದು ಅಂಕಿ ಅಚ್ಚಿನ ತಪ್ಪಾಗಿದ್ದರೆ ಅದನ್ನು ನಕಲು ಮಾಡಿದ ಪ್ರತಿ ಪ್ರಬಂಧದಲ್ಲೂ ಅದೇ ತಪ್ಪು ಅಂಕಿ ಬಂದಿರುತ್ತದೆ. ಶಾಸನವನ್ನು ನೋಡಲು ಆಗದಿದ್ದರೆ ‘ಚಿದಾನಂದಮೂರ್ತಿ ಅವರಲ್ಲಿ ಉಲ್ಲೇಖಿತ’ ಎಂದು ಬರೆದರೆ ಮುಗಿಯಿತು. ಅದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ.

ಪುಸ್ತಕವೇ ಇಲ್ಲದ ಆಕರಗಳ ವಿಷಯದಲ್ಲಿ ನಾವು ಇನ್ನೂ ಅನ್ಯಾಯವಾಗಿ ನಡೆದುಕೊಳ್ಳುತ್ತೇವೆ. ಜಾನಪದ ವಿದ್ಯಾರ್ಥಿ ಹಳ್ಳಿಗೆ ಹೋಗಿ ಅಜ್ಜಿಯೊಬ್ಬರ ಮುಂದೆ ಮೊಬೈಲ್ ಇಟ್ಟು ಹಾಡು ಧ್ವನಿಮುದ್ರಿಸಿಕೊಂಡು ಬರುತ್ತಾನೆ. ಪ್ರಬಂಧದಲ್ಲಿ ‘ಒಂದು ಜನಪದ ಗೀತೆಯಲ್ಲಿ ಹೀಗಿದೆ’ ಎಂದಾಗುತ್ತದೆ. ಹಾಡಿದವರಿಗೆ ಹೆಸರಿಲ್ಲ, ಊರಿಲ್ಲ. ಅದೇ ಪುಟದಲ್ಲಿ ಪ್ರಾಧ್ಯಾಪಕರೊಬ್ಬರ ಸಾಮಾನ್ಯ ಅಭಿಪ್ರಾಯಕ್ಕೆ ಹೆಸರು, ವರ್ಷ, ಪುಟ ಎಲ್ಲ ಇರುತ್ತದೆ. ಇದು ಹೀಗೆ ಆಗಬೇಕಾಗಿರಲಿಲ್ಲ ಎಂಬುದಕ್ಕೆ ಒಳ್ಳೆಯ ಮಾದರಿಗಳಿವೆ. ಫಿನ್‌ಲೆಂಡಿನ ಲೌರಿ ಹೋಂಕೊ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಅವರೊಂದಿಗೆ ಕೆಲಸ ಮಾಡಿ 1998ರಲ್ಲಿ ತುಳುವಿನ ಸಿರಿ ಕಾವ್ಯವನ್ನು ಹೊರತಂದಾಗ ಪುಸ್ತಕದ ಹೆಸರಿನಲ್ಲೇ ಅದನ್ನು ಹಾಡಿದ ಗೋಪಾಲ ನಾಯ್ಕರ ಹೆಸರಿತ್ತು. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯ ಇಂಗ್ಲಿಷಿಗೆ ಹೋದಾಗಲೂ ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರು ಮುಖಪುಟಕ್ಕೇ ಬಂತು. ವಕ್ತೃವಿನ ಹೆಸರು, ಊರು, ಹಾಡಿದ ದಿನಾಂಕ, ಸಂದರ್ಭ ಇವನ್ನು ಹಾಡಿನ ಕೆಳಗೇ ಬರೆಯಬೇಕು. ಬರೆಯುವ ಮುಂಚೆ ಅವರ ಒಪ್ಪಿಗೆ ಕೇಳಬೇಕು. ಹೆಸರು ಬೇಡವೆಂದರೆ ಬಿಡಬೇಕು, ಹಾಗೆ ಬಿಟ್ಟದ್ದನ್ನು ಹೇಳಬೇಕು.

ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಬಂದಿವೆ. ಕೇಳಿದರೆ ಪ್ರಬಂಧವನ್ನೂ ಬರೆದುಕೊಡುತ್ತವೆ, ಕೆಳಗೆ ಗ್ರಂಥಋಣವನ್ನೂ ಜೋಡಿಸುತ್ತವೆ. ಲೇಖಕರ ಹೆಸರು ನಿಜ, ಪ್ರಕಾಶನ ನಿಜ, ವರ್ಷ ನಂಬುವಂತಿದೆ. ಆದರೆ ಅಂಥ ಪುಸ್ತಕವೇ ಇರುವುದಿಲ್ಲ. ಇದು ವಿದ್ಯಾರ್ಥಿಗಳು ಮಾತ್ರ ಬೀಳುವ ಹಳ್ಳವಲ್ಲ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಕೊಟ್ಟು 5,000 ಡಾಲರ್ ದಂಡ ತೆತ್ತರು. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಸೇರಿ, ಆದೇಶವನ್ನು ಹಿಂಪಡೆಯಬೇಕಾಯಿತು. ಆ ತೀರ್ಪುಗಳನ್ನು ಯಾರಾದರೂ ಒಬ್ಬರು ತೆರೆದು ನೋಡಲು ಹೋಗಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಕಣ್ಣಿನಿಂದ ನೋಡದ ಪುಟವನ್ನು ನಮೂದಿಸಬಾರದು ಎಂಬ ಹಳೆಯ ನಿಯಮ ಒಂದಿದ್ದರೆ ಹೊಸ ಯಂತ್ರಕ್ಕೂ ಅದೇ ಸಾಕು.

ಹೀಗೆ ನೋಡಿದರೆ ಇಡೀ ವಿಷಯ ಟಿಪ್ಪಣಿ ಪುಸ್ತಕದಲ್ಲಿ ತೀರ್ಮಾನವಾಗುತ್ತದೆ. ಬರೆಯಲು ಕೂತಾಗ ತೀರಾ ತಡವಾಗಿರುತ್ತದೆ. ಗ್ರಂಥಾಲಯದಲ್ಲಿ ಓದುವಾಗ ಮೊದಲು ಪುಸ್ತಕದ ಹೆಸರು, ಲೇಖಕರು, ಪ್ರಕಾಶನ, ವರ್ಷ, ಆವೃತ್ತಿ ಬರೆದುಕೊಂಡು ಆಮೇಲೆ ಓದಲು ಶುರುಮಾಡಬೇಕು. ಎತ್ತಿಕೊಂಡ ವಾಕ್ಯಕ್ಕೆ ಅಲ್ಲೇ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಹಾಕಬೇಕು. ತನ್ನ ಮನಸ್ಸಿಗೆ ಬಂದ ಮಾತನ್ನು ಬೇರೆ ಬಣ್ಣದ ಶಾಯಿಯಲ್ಲೋ ಹಾಳೆಯ ಇನ್ನೊಂದು ಬದಿಯಲ್ಲೋ ಬರೆಯಬೇಕು. ಮೂರು ತಿಂಗಳಾದ ಮೇಲೆ ನೋಡಿದಾಗ ಯಾವ ವಾಕ್ಯ ಯಾರದು ಎಂದು ಗೊತ್ತಾಗಲೇಬೇಕು. ಮೊಬೈಲಿನಲ್ಲಿ ಪುಟದ ಫೋಟೊ ತೆಗೆಯುವವರು ಪುಸ್ತಕದ ಶೀರ್ಷಿಕೆ ಪುಟದ ಫೋಟೊವನ್ನೂ ಮೊದಲು ತೆಗೆದಿಟ್ಟುಕೊಳ್ಳಲಿ. ನೂರಾರು ಬಿಡಿ ಪುಟಗಳ ನಡುವೆ ಮೂಲ ಕಳೆದುಹೋಗಿ, ಕೊನೆಗೆ ಹೆಸರಿಲ್ಲದೆ ಬರೆಯುವ ಪಾಡು ತಪ್ಪುತ್ತದೆ.

ಅಧ್ಯಾಪಕರ ಪಾಲೂ ಇದೆ. ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಕುರಿತು 2 ಕ್ರೆಡಿಟ್‌ನ ಪತ್ರಿಕೆಯನ್ನು ಅನುದಾನ ಆಯೋಗ 2019ರ ಕೊನೆಯಲ್ಲಿ ಕಡ್ಡಾಯ ಮಾಡಿತು. ಒಳ್ಳೆಯದು, ಆದರೆ ಪದವಿಯ ವರ್ಷಗಳಲ್ಲಿ ಗೈಡ್‌ನಿಂದ ಎತ್ತಿ ಬರೆದ ಉತ್ತರಕ್ಕೆ ಅಂಕ ಕೊಟ್ಟು ಬೆಳೆಸಿದವರಿಗೆ ಪಿಎಚ್.ಡಿ. ಸೇರಿದ ಮೇಲೆ ನೀತಿ ಹೇಳಿದರೆ ಅದು ಒಳಗಿಳಿಯುವುದು ಕಷ್ಟ. ‘ಕುವೆಂಪು ಅವರ ಜೀವನ ಮತ್ತು ಕೃತಿಗಳು’ ಎಂದು ಅಸೈನ್‌ಮೆಂಟ್ ಕೊಟ್ಟರೆ ನಕಲು ಮಾಡದೆ ಬೇರೆ ದಾರಿಯೇ ಇಲ್ಲ. ‘ನಿಮ್ಮ ಊರಿನ ವೀರಗಲ್ಲನ್ನು ನೋಡಿ ಬನ್ನಿ, ಅದರ ಬಗ್ಗೆ ಊರಿನವರು ಹೇಳುವುದನ್ನೂ ಪುಸ್ತಕ ಹೇಳುವುದನ್ನೂ ಹೋಲಿಸಿ’ ಎಂದರೆ ನಕಲು ಮಾಡಲು ಮೂಲವೇ ಸಿಗುವುದಿಲ್ಲ. ಪಿಎಚ್.ಡಿ. ವೈವಾದಲ್ಲಿ ಬಾಹ್ಯ ಪರೀಕ್ಷಕರು ಯಾವುದಾದರೂ ಮೂರು ಅಡಿಟಿಪ್ಪಣಿ ಆರಿಸಿ, ಆ ಪುಟಗಳನ್ನು ತೆರೆದು ತೋರಿಸಿ ಎನ್ನುವ ಪದ್ಧತಿ ಬರಬೇಕು. ಬಿ.ಎ. ಮೊದಲ ಸೆಮಿಸ್ಟರಿಗೆ ಎರಡು ಪುಟದ ಬರಹ, ಮೂರು ಆಕರ ಸಾಕು. ಬರಹದ ಜೊತೆಗೆ ಆ ಮೂರು ಪುಸ್ತಕಗಳನ್ನೂ ತರಗತಿಗೆ ತರಬೇಕು, ಅಧ್ಯಾಪಕರು ಪುಟ ತಿರುಗಿಸಿ ನೋಡಿಯೇ ಅಂಕ ಹಾಕಬೇಕು.